ಹೊಸದನ್ನು ಹುಡುಕಿ, ಹಳೆಯದರ ವಯಸ್ಸು ಸಿಗುತ್ತದೆ

ಮೈಸೂರಿನ ಹಳೆಯ ಮನೆಗಳ ಅಟ್ಟದಲ್ಲೋ ಮಂಡ್ಯ ಕಡೆಯ ತೊಟ್ಟಿಮನೆಗಳ ನಡುಮನೆ ಗೋಡೆಯಲ್ಲೋ ಇಂಥದೊಂದು ಚಿತ್ರ ಸಿಕ್ಕೇ ಸಿಗುತ್ತದೆ: ಖಾಕಿ ತೊಟ್ಟು, ಎದೆ ಸೆಟೆಸಿ, ಕ್ಯಾಮೆರಾವನ್ನು ದಿಟ್ಟಿಸಿ ನಿಂತ ತಾತ. ಚೌಕಟ್ಟಿಗೆ ಗೆದ್ದಲು ಹತ್ತಿರುತ್ತದೆ, ಗಾಜಿನೊಳಗೆ ತೇವದ ಕಲೆ. ಯಾವಾಗಿನದು ಎಂದು ಕೇಳಿದರೆ ಮನೆಯವರ ಹತ್ತಿರ ಎರಡೇ ಉತ್ತರ. ಒಂದೋ "ಮಹಾರಾಜ್ರ ಕಾಲದ್ದು", ಇಲ್ಲವೇ "ಬರ್ಮಾ ಯುದ್ಧದ್ದು". ಮಹಾರಾಜರ ಕಾಲ ಎಂದರೆ ನಾಲ್ವಡಿಯವರೊಬ್ಬರದೇ ನಾಲ್ಕು ದಶಕ ದಾಟುತ್ತದೆ. ಬರ್ಮಾ ಯುದ್ಧದ, ಅಂದರೆ ಎರಡನೇ ಮಹಾಯುದ್ಧದಲ್ಲಿ ಜಪಾನಿನ ವಿರುದ್ಧ ಬರ್ಮಾದಲ್ಲಿ ನಡೆದ ಕಾಳಗದ ಚಿತ್ರ ಎಂದು ಕರೆಸಿಕೊಳ್ಳುವವುಗಳಲ್ಲಿ ಎಷ್ಟೋ ಚಿತ್ರಗಳು ಬರ್ಮಾವನ್ನೂ ಕಂಡಿಲ್ಲ, ಯುದ್ಧವನ್ನೂ ಕಂಡಿಲ್ಲ.

ಚಿತ್ರದ ಕಾಲ ಹಿಡಿಯುವವರು ಸಾಮಾನ್ಯವಾಗಿ ಜಾರುವುದು ಒಂದೇ ಕಡೆ. ಅತಿ ಹಳೆಯ ವಸ್ತುವಿನ ಮೇಲೆ ಕಣ್ಣು ಬೀಳುತ್ತದೆ, ಅದರ ವಯಸ್ಸನ್ನೇ ಚಿತ್ರಕ್ಕೆ ಅಂಟಿಸುತ್ತಾರೆ. ಕೈಯಲ್ಲಿ .303 ರೈಫಲ್ ಕಂಡಿತು, ಆದ್ದರಿಂದ ಎರಡನೇ ಮಹಾಯುದ್ಧ. ಹಿಂದೆ ಮಿಲಿಟರಿ ಲಾರಿ ಕಂಡಿತು, ಆದ್ದರಿಂದ 1943. ಆದರೆ ಹಳೆಯ ವಸ್ತು ಎಷ್ಟು ವರ್ಷ ಬೇಕಾದರೂ ಬಾಳೀತು. ಹೊಸ ವಸ್ತು ಹುಟ್ಟುವ ಮೊದಲು ಚಿತ್ರದಲ್ಲಿ ಕಾಣಿಸಿಕೊಳ್ಳಲಾರದು. ಮದುವೆಯ ಚಿತ್ರದಲ್ಲಿ ಅಜ್ಜಿಯ ಕಾಲದ ಡಾಬೂ ಇರುತ್ತದೆ, ಮೊನ್ನೆ ಕೊಂಡ ಕೈಗಡಿಯಾರವೂ ಇರುತ್ತದೆ. ಮದುವೆ ಯಾವಾಗ ಆಯಿತೆಂದು ಹೇಳುವುದು ಕೈಗಡಿಯಾರ, ಡಾಬಲ್ಲ.

ಹಾಗಾಗಿ ಕೆಲಸಕ್ಕೆ ಕೂರುವ ಮೊದಲು ಒಂದು ಹಾಳೆಯಲ್ಲಿ ಎರಡು ಅಂಕಣ ಎಳೆದುಕೊಳ್ಳಿ. ಎಡಕ್ಕೆ "ಇದಕ್ಕಿಂತ ಮುಂಚೆ ಆಗಿರಲು ಸಾಧ್ಯವಿಲ್ಲ", ಬಲಕ್ಕೆ "ಇದಾದ ಮೇಲೆ ಇರಲಿಕ್ಕಿಲ್ಲ". ಕಂಡ ಪ್ರತಿ ಗುರುತೂ ಎರಡರಲ್ಲಿ ಒಂದು ಕಡೆ ಹೋಗುತ್ತದೆ. ಎಡದ ಅಂಕಣದ ಮಾತು ಕಲ್ಲಿನಂತೆ ಗಟ್ಟಿ. ಬಲದ್ದು ಯಾವಾಗಲೂ ಸ್ವಲ್ಪ ಮೆದು, ಏಕೆಂದರೆ ಸರ್ಕಾರ ರದ್ದು ಮಾಡಿದ ಬಿಲ್ಲೆಯನ್ನು ನಿವೃತ್ತ ಸುಬೇದಾರರು ಹಬ್ಬದ ದಿನ ಪೆಟ್ಟಿಗೆಯಿಂದ ತೆಗೆದು ಹಾಕಿಕೊಳ್ಳುವುದನ್ನು ಯಾರೂ ತಡೆಯಲಾರರು.

ಇನ್ನು ಚಿತ್ರವನ್ನು ನೋಡುವ ಬಗೆ. ಹೆಚ್ಚಿನ ತಪ್ಪುಗಳು ತಿಳಿವಳಿಕೆ ಇಲ್ಲದ್ದರಿಂದ ಆಗುವುದಿಲ್ಲ, ಸರಿಯಾಗಿ ಕಾಣದ್ದರಿಂದ ಆಗುತ್ತವೆ. ಲೆಕ್ಕ ಹಾಕಿ ನೋಡಿ. ಪುಟ್ಟ ಪ್ರಿಂಟಿನಲ್ಲಿ ನಿಂತ ಮನುಷ್ಯನ ಎತ್ತರ 6 ಸೆಂಟಿಮೀಟರ್ ಇದೆ ಎನ್ನಿ. ನಿಜವಾದ ಎತ್ತರ 170 ಸೆಂಟಿಮೀಟರ್ ಆದರೆ ಚಿತ್ರ ಸುಮಾರು 28 ಪಟ್ಟು ಕುಗ್ಗಿದೆ. ಭುಜದ ಮೇಲಿನ 25 ಮಿಲಿಮೀಟರಿನ ಬಿಲ್ಲೆ ಪ್ರಿಂಟಿನ ಮೇಲೆ 0.9 ಮಿಲಿಮೀಟರ್ ಆಗಿಬಿಟ್ಟಿರುತ್ತದೆ. ಅಂಗಡಿಯವರು ಮಾಮೂಲಿಯಾಗಿ ಮಾಡಿಕೊಡುವ 300 ಡಿಪಿಐ (ಇಂಚಿಗೆ 300 ಚುಕ್ಕಿ) ಸ್ಕ್ಯಾನಿನಲ್ಲಿ ಆ ಬಿಲ್ಲೆಗೆ ದಕ್ಕುವುದು ಹತ್ತು ಪಿಕ್ಸೆಲ್ ಅಗಲ. ಬ್ರಿಟಿಷರ ಕಿರೀಟವೂ ಒಂದೇ, ಅಶೋಕ ಸ್ತಂಭದ ಸಿಂಹವೂ ಒಂದೇ, ಎರಡೂ ಬಿಳಿ ಚುಕ್ಕಿ. 1200 ಡಿಪಿಐ ಮಾಡಿದರೆ ನಲವತ್ತು ಪಿಕ್ಸೆಲ್ ಸಿಗುತ್ತದೆ, ಆಕಾರ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಅಂಗೈಯಗಲದ ಪ್ರಿಂಟುಗಳಿಗೆ 1200, ಗೋಡೆಗೆ ಹಾಕುವ ದೊಡ್ಡ ಗುಂಪು ಚಿತ್ರಗಳಿಗೆ 600 ಸಾಕು. ಕಡತ ಟಿಫ್ ರೂಪದಲ್ಲಿರಲಿ. ಸ್ಕ್ಯಾನರಿನ "ತಾನೇ ಸರಿಪಡಿಸುವ" ಗುಂಡಿಗಳನ್ನೆಲ್ಲ ಆರಿಸಿ; ಧೂಳು ತೆಗೆಯುವ ಉತ್ಸಾಹದಲ್ಲಿ ಅವು ಎದೆಯ ಮೇಲಿನ ಪದಕದ ರಿಬ್ಬನ್ನುಗಳನ್ನೂ ಧೂಳೆಂದು ಒರೆಸಿಹಾಕುತ್ತವೆ. ಚಿತ್ರದ ಬೆನ್ನನ್ನೂ ಸ್ಕ್ಯಾನ್ ಮಾಡಿ. ಬೇರೆಯವರಿಗೆ ವಾಟ್ಸ್‌ಆ್ಯಪಿನಲ್ಲಿ ಕಳಿಸುವುದಾದರೆ ಫೋಟೋ ಎಂದು ಕಳಿಸಬೇಡಿ, ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲದಿದ್ದರೆ ಪಟ್ಟ ಶ್ರಮವೆಲ್ಲ ದಾರಿಯಲ್ಲೇ ಕರಗುತ್ತದೆ.

ಚಿತ್ರ ಗಾಜಿಗೆ ಅಂಟಿಕೊಂಡಿದ್ದರೆ ಮುಟ್ಟಬೇಡಿ. ಕಾವೇರಿ ಬಯಲಿನ ಮಳೆಗಾಲದ ತೇವಕ್ಕೆ ಪ್ರಿಂಟಿನ ಮೇಲಿನ ಜಿಲೆಟಿನ್ ಪದರ ಮೆತ್ತಗಾಗಿ ಗಾಜನ್ನು ಹಿಡಿದುಕೊಳ್ಳುತ್ತದೆ, ಬೇಸಿಗೆಯಲ್ಲಿ ಒಣಗಿ ಗಟ್ಟಿಯಾಗುತ್ತದೆ. ಚಾಕು ಹಾಕಿ ಎಬ್ಬಿಸಿದರೆ ಮುಖ ಗಾಜಿನಲ್ಲಿ ಉಳಿಯುತ್ತದೆ, ಕಾಗದ ಕೈಗೆ ಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಕ್ಯಾಮೆರಾದಲ್ಲೇ ತೆಗೆಯುವುದಾದರೆ ಕಪ್ಪು ಬಟ್ಟೆ ಅಡ್ಡ ಹಿಡಿದು, ಎರಡೂ ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟರೆ ಪ್ರತಿಫಲನ ಬರುವುದಿಲ್ಲ.

ಮುಂದಿನ ಅನುಮಾನ, ಚಿತ್ರ ಎಡಬಲ ಅದಲುಬದಲಾಗಿದೆಯೇ? ನೆಗೆಟಿವನ್ನು ತಿರುಗಿಸಿ ಅಚ್ಚು ಹಾಕಿದ ಪ್ರಿಂಟುಗಳು ಬೇಕಾದಷ್ಟಿವೆ. ಪದಕ ಎಡ ಎದೆಯ ಮೇಲಿರಬೇಕು. ಗಂಡಸರ ಅಂಗಿಯ ಎಡ ಅಂಚು ಮೇಲೆ ಬರಬೇಕು. ರೈಫಲಿನ ಬೋಲ್ಟ್ ಹಿಡಿ ಬಲಕ್ಕಿರಬೇಕು. ಸ್ಟಿಯರಿಂಗ್ ಮಾತ್ರ ನಂಬಬೇಡಿ. ಭಾರತಕ್ಕೆಂದು ಬಂದ ಕೆನಡಾ ಲಾರಿಗಳಿಗೆ ಬಲ ಸ್ಟಿಯರಿಂಗ್, ಯುದ್ಧಕಾಲದ ಅಮೆರಿಕನ್ ಜೀಪಿಗೆ ಎಡ ಸ್ಟಿಯರಿಂಗ್. "ನಮ್ಮಲ್ಲಿ ಬಲಕ್ಕಲ್ಲವೇ" ಎಂದು ಜೀಪಿನ ಚಿತ್ರವನ್ನು ತಿರುಗಿಸಿಬಿಟ್ಟರೆ ಸರಿಯಿದ್ದದ್ದನ್ನು ಕೆಡಿಸಿದಂತಾಯಿತು. ಅಂಥ ಜೀಪಿನಲ್ಲಿ ಗುದ್ದಲಿ ಮತ್ತು ಕೊಡಲಿ ಚಾಲಕನ ಕಡೆ, ಅಂದರೆ ಎಡ ಮೈಗೆ ಕಟ್ಟಿರುತ್ತವೆ. ಸ್ಟೆಪ್ನಿ ಹಿಂದುಗಡೆ ಬಲಕ್ಕೆ. ಅವು ಸರಿಯಿದ್ದರೆ ಚಿತ್ರವೂ ಸರಿಯಿದೆ.

ಜೀಪಿನ ಮಾತು ಬಂದದ್ದರಿಂದ ಅದನ್ನೇ ಸ್ವಲ್ಪ ವಿಸ್ತಾರವಾಗಿ ನೋಡೋಣ. ನಮ್ಮ ಕಡೆಯ ಸೈನಿಕರ ಚಿತ್ರಗಳಲ್ಲಿ ಇದರಷ್ಟು ಬಾಯಿಬಿಟ್ಟು ಕಾಲ ಹೇಳುವ ವಸ್ತು ಇನ್ನೊಂದಿಲ್ಲ. ಮುಂದಿನ ಜಾಲರಿಯ ಸೀಳುಗಳನ್ನು ಎಣಿಸಿ. ಚಪ್ಪಟೆ ಪಟ್ಟಿಗಳನ್ನು ಬೆಸೆದು ಮಾಡಿದ, ಹಳೆ ಮನೆಯ ಕಿಟಕಿ ಸರಳಿನಂಥ ಜಾಲರಿ ಇದ್ದರೆ ಅದು ವಿಲ್ಲೀಸ್ ಕಂಪನಿಯ ಮೊದಮೊದಲ ಜೀಪು. 1941ರ ಕೊನೆಯಿಂದ 1942ರ ಮೊದಲ ತಿಂಗಳುಗಳವರೆಗೆ ಸುಮಾರು 25,000 ಮಾತ್ರ ಹೊರಬಂದವು. ಆಮೇಲೆ ತಗಡಿನಲ್ಲೇ ಒತ್ತಿ ತೆಗೆದ ಒಂಬತ್ತು ಸೀಳಿನ ಜಾಲರಿ ಬಂತು; ದೀಪಗಳು ಜಾಲರಿಯ ಮಟ್ಟಕ್ಕಿಂತ ಒಳಗೆ ಕೂತಿರುತ್ತವೆ, ಮುಂದಿನ ಗಾಜು ನಡುವೆ ಸೀಳಿ ಎರಡು ಭಾಗ. ಯುದ್ಧಕಾಲದ ಜೀಪು ಎಂದರೆ ಇದು. ಏಳು ಸೀಳು ಕಂಡರೆ ಯುದ್ಧ ಮುಗಿಯಿತೆಂದೇ ಲೆಕ್ಕ. 1945ರಲ್ಲಿ ಬಂದ ನಾಗರಿಕ ಮಾದರಿಗೆ ಏಳೇ ಸೀಳು, ದೊಡ್ಡದಾದ ಮುಂಚಾಚಿದ ದೀಪ, ಹಿಂದೆ ಇಳಿಬಿಡುವ ಬಾಗಿಲು. ಆ ಬಾಗಿಲಿಗಾಗಿ ಸ್ಟೆಪ್ನಿ ಪಕ್ಕಕ್ಕೆ ಹೋಯಿತು. ಇನ್ನು ಬಾನೆಟ್ಟು ಮೊಣಕಾಲಿಟ್ಟು ಎದ್ದಂತೆ ಎತ್ತರವಾಗಿದ್ದರೆ, ಹಳ್ಳಿಹಳ್ಳಿಯಲ್ಲಿ ಓಡಾಡಿದ ನಮ್ಮ ಮಹೀಂದ್ರ ಜೀಪಿನ ಮೂತಿಯಿದ್ದರೆ, ಅದು ವಿಲ್ಲೀಸಿನ ಸಿಜೆ 3ಬಿ ಮಾದರಿ. ಅಮೆರಿಕದಲ್ಲಿ ಅದು ಹೊರಬಂದದ್ದೇ 1953ರಲ್ಲಿ. ಬರ್ಮಾ ಯುದ್ಧ ಮುಗಿದು ಅಷ್ಟು ಹೊತ್ತಿಗೆ ಎಂಟು ವರ್ಷ.

ಲಾರಿಗಳಲ್ಲಿ ಗುರುತು ಹಿಡಿಯಲು ಸುಲಭವಾದದ್ದು ಕೆನಡಾದಲ್ಲಿ ತಯಾರಾದ ಮೊಂಡು ಮೂಗಿನ ಫೋರ್ಡ್ ಮತ್ತು ಶೆವರ್ಲೆ. ಮುಂದಿನ ಗಾಜು ಮೇಲ್ಭಾಗ ಮುಂದಕ್ಕೆ ವಾಲಿಕೊಂಡಿದ್ದರೆ, ಅಂದರೆ ಹುಬ್ಬು ಮುಂದೆ ಚಾಚಿದಂತೆ ಕಂಡರೆ, 1941ರ ಕೊನೆಯ ನಂತರದ್ದು. ಆಕಾಶದಿಂದ ನೋಡುವ ವಿಮಾನಕ್ಕೆ ಗಾಜಿನ ಹೊಳಪು ಕಾಣದಿರಲೆಂದು ಹಾಗೆ ವಾಲಿಸಿದ್ದು. ಆದರೆ ಯುದ್ಧ ಮುಗಿದ ಮೇಲೆ ಈ ಲಾರಿಗಳು ಡಿಸ್ಪೋಸಲ್ ಮಾಲಾಗಿ ಹರಾಜಿಗೆ ಬಂದವು, ಮರದ ಮೈ ಕಟ್ಟಿಸಿಕೊಂಡು ಬಸ್ಸಾದವು, ಸರಕಿನ ಗಾಡಿಯಾದವು. ಹಾಗಾಗಿ ಲಾರಿಯ ಮೈಗಿಂತ ಅದರ ಮೈಮೇಲಿನ ಬರಹ ಮುಖ್ಯ. ಬಾನೆಟ್ಟಿನ ಪಕ್ಕ ಬಿಳಿ ಬಣ್ಣದಲ್ಲಿ ಒಂದು ಅಕ್ಷರ, ಅದರ ಮುಂದೆ ಉದ್ದನೆಯ ಸಂಖ್ಯೆ ಇದ್ದರೆ ಅದು ಬ್ರಿಟಿಷ್ ಯುದ್ಧ ಇಲಾಖೆಯ ಕ್ರಮ: ಎಲ್ ಎಂದರೆ ಒಂದು ಟನ್ನಿಗೆ ಮೀರಿದ ಲಾರಿ, ಝಡ್ ಎಂದರೆ ಅದಕ್ಕಿಂತ ಚಿಕ್ಕ ಟ್ರಕ್ಕು, ಎಂ ಎಂದರೆ ಕಾರು, ಸಿ ಎಂದರೆ ಮೋಟಾರ್ ಸೈಕಲ್, ಎ ಎಂದರೆ ಆಂಬುಲೆನ್ಸ್, ಎಫ್ ಎಂದರೆ ಕವಚದ ಕಾರು, ಟಿ ಎಂದರೆ ಟ್ಯಾಂಕು, ಎಕ್ಸ್ ಎಂದರೆ ಟ್ರೇಲರ್. ಅಕ್ಷರಕ್ಕೂ ವಾಹನಕ್ಕೂ ತಾಳೆಯಾಗದಿದ್ದರೆ ಓದುವಲ್ಲಿ ಎಡವಿದ್ದೀರಿ. ಎಫ್ ಎಂದು ಓದಿದ್ದು ಟಿ ಇರಬಹುದು. ಮೂತಿಯ ಮೇಲೆ ಹಳದಿ ವೃತ್ತದಲ್ಲಿ ಒಂದು ಅಂಕಿ ಇದ್ದರೆ ಅದು ಸೇತುವೆ ದಾಟುವಾಗ ನೋಡುವ ತೂಕದ ದರ್ಜೆ, ಪಡೆಯ ಸಂಖ್ಯೆಯಲ್ಲ. ಇದನ್ನು ಬೆಟಾಲಿಯನ್ ಎಂದು ಓದಿ ಇಲ್ಲದ ಇತಿಹಾಸ ಕಟ್ಟಿದವರುಂಟು.

ಸ್ವಾತಂತ್ರ್ಯದ ನಂತರದ ಲಾರಿಗಳಲ್ಲಿ ಜಬಲ್ಪುರದ ಶಕ್ತಿಮಾನ್ ಕಂಡರೆ 1959ಕ್ಕೆ ಮುಂಚಿನದಲ್ಲ. ಜೀಪಿನಂಥ ಸೇನಾ ವಾಹನ ಜೊಂಗಾ ಕಂಡರೆ 1960ರ ದಶಕದ ಕೊನೆಗಿಂತ ಮುಂಚಿನದಲ್ಲ. ಮೇಲ್ಮುಖದ ಬಾಣ, ಅದರ ಪಕ್ಕ ಎರಡು ಅಂಕಿ, ಆಮೇಲೆ ಅಕ್ಷರ, ಸಂಖ್ಯೆ ಇರುವ ಇತ್ತೀಚಿನ ಸೇನಾ ಫಲಕದಲ್ಲಿ ಆ ಎರಡು ಅಂಕಿಯೇ ವಾಹನ ಕೊಂಡ ವರ್ಷ. ಚಿತ್ರದಲ್ಲಿ ನಾಗರಿಕ ವಾಹನವೂ ಇದ್ದರೆ ಬಿಡಬೇಡಿ. ಎಂವೈ ಎಂದು ಶುರುವಾಗುವ ಫಲಕ ಮೈಸೂರು ಸಂಸ್ಥಾನ, ಮೈಸೂರು ರಾಜ್ಯದ ಪಳೆಯುಳಿಕೆ. ಕೆಎ 09, ಕೆಎ 11 ಇವೆಲ್ಲ 1989ರ ಜುಲೈ ಆದಮೇಲೆ. ಬಸ್ಸಿನ ಹಿಂಭಾಗದಲ್ಲಿ ಹಂಡೆಯಂಥ ಒಲೆ ಕಟ್ಟಿದ್ದರೆ ಅದು ಇದ್ದಿಲ ಗ್ಯಾಸಿನ ಬಸ್ಸು. ಪೆಟ್ರೋಲಿಗೆ ರೇಷನ್ ಬಂದ ಯುದ್ಧದ ವರ್ಷಗಳ ಕೂಸದು, ಯುದ್ಧ ಮುಗಿದ ಮೇಲೂ ಕೆಲ ಕಾಲ ಏದುಸಿರು ಬಿಡುತ್ತಾ ಓಡಿತು. ಸೈನಿಕ ರಜೆಯಲ್ಲಿ ಊರಿಗೆ ಬಂದಾಗ ತೆಗೆಸಿದ ಚಿತ್ರದ ಹಿನ್ನೆಲೆಯಲ್ಲಿ ಅಂಥ ಬಸ್ಸು ಸಿಕ್ಕರೆ ಎದೆಯ ಪದಕಕ್ಕಿಂತ ಅದೇ ಮೇಲು.

ವಿಮಾನದ ಗುರುತುಗಳಂತೂ ತಿಂಗಳ ಲೆಕ್ಕಕ್ಕೆ ಇಳಿಸುತ್ತವೆ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ಪಾಲುದಾರಿಕೆಯಲ್ಲಿ ಶುರುವಾಗಿ, 1943ರಲ್ಲಿ ಅಮೆರಿಕದ ವಾಯುಸೇನೆಯ ದುರಸ್ತಿ ನೆಲೆಯಾಯಿತು. ಆದ್ದರಿಂದ ಅಲ್ಲಿ ದುಡಿದವರ ಮನೆಗಳಲ್ಲಿ ಅಮೆರಿಕನ್ ವಿಮಾನದ ಮುಂದೆ ನಿಂತ ಚಿತ್ರ ಸಿಕ್ಕರೆ ಬೆರಗಾಗಬೇಕಿಲ್ಲ. ಬಿಳಿ ನಕ್ಷತ್ರದ ನಡುವೆ ಕೆಂಪು ಚುಕ್ಕೆ ಇದ್ದರೆ 1942ರ ಮೇ ತಿಂಗಳಿಗೆ ಮುಂಚಿನ ಬಣ್ಣ. ಜಪಾನಿನ ಕೆಂಪು ಸೂರ್ಯನೆಂದು ತಮ್ಮವರೇ ಗುಂಡು ಹಾರಿಸುವ ಅಪಾಯವಿತ್ತೆಂದು ಅದನ್ನು ಅಳಿಸಿದರು. ನಕ್ಷತ್ರದ ಎರಡೂ ಪಕ್ಕ ಬಿಳಿ ಪಟ್ಟಿ ಮೂಡಿದ್ದು 1943ರ ಮಧ್ಯದಲ್ಲಿ, ಸುತ್ತ ಕೆಂಪು ಅಂಚಿನೊಂದಿಗೆ. ಕೆಲವೇ ತಿಂಗಳಲ್ಲಿ ಆ ಅಂಚು ನೀಲಿಯಾಯಿತು. ಪಟ್ಟಿಗಳ ನಡುವೆ ಕೆಂಪು ಗೆರೆ ಸೇರಿದ್ದರೆ 1947ರ ನಂತರದ್ದು. ಬ್ರಿಟಿಷ್ ಮತ್ತು ಭಾರತೀಯ ವಿಮಾನಗಳ ದುಂಡು ಗುರುತಿನಿಂದಲೂ ಇದೇ ಕಾರಣಕ್ಕೆ ಏಷ್ಯಾದ ಈ ಭಾಗದಲ್ಲಿ ಕೆಂಪು ಹೋಯಿತು.

ಆದರೆ ಕಪ್ಪುಬಿಳುಪು ಚಿತ್ರದಲ್ಲಿ ಕೆಂಪು ಯಾವುದು, ನೀಲಿ ಯಾವುದು? ಇಲ್ಲಿ ತುಂಬಾ ಜನ ಮುಗ್ಗರಿಸುತ್ತಾರೆ. ಹಳೆಯ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೂ ಗಾಜಿನ ತಟ್ಟೆಗೂ ಕೆಂಪು ಕಾಣುವುದೇ ಇಲ್ಲ. ಕೆಂಪು ಕಪ್ಪಾಗಿ ಬರುತ್ತದೆ, ಕಿತ್ತಳೆಯೂ ಹಳದಿಯೂ ಮಂಕಾಗುತ್ತವೆ, ನೀಲಿ ಬೆಳ್ಳಗೆ ಬರುತ್ತದೆ. ಎಲ್ಲ ಬಣ್ಣವೂ ಕಾಣುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮಿನಲ್ಲಿ ಕೆಂಪು ಬೂದು ಬಣ್ಣಕ್ಕೆ ಇಳಿಯುತ್ತದೆ. ಒಂದೇ ರಿಬ್ಬನ್ನು ಎರಡು ಫಿಲ್ಮಿನಲ್ಲಿ ಎರಡು ಬೇರೆ ರಿಬ್ಬನ್ನಿನಂತೆ ಕಾಣುವುದು ಇದರಿಂದ. ಯಾವ ಫಿಲ್ಮೆಂದು ತಿಳಿಯಲು ಮುಖ ನೋಡಿ. ತುಟಿಗಳು ಕಪ್ಪಗೆ, ಚರ್ಮ ಇರುವುದಕ್ಕಿಂತ ಗಾಢವಾಗಿ, ಆಕಾಶ ಒಂದೂ ಮೋಡ ಕಾಣದಂತೆ ಬರೀ ಬಿಳಿಯಾಗಿ ಬಂದಿದ್ದರೆ ಆರ್ಥೋ ಎಂದುಕೊಂಡು ಮುಂದುವರಿಯಿರಿ. ಹಣೆಯ ಕುಂಕುಮ ಇದ್ದರಂತೂ ಒಳ್ಳೆಯ ಪರೀಕ್ಷೆ. ಕಾಡಿಗೆಯಷ್ಟು ಕಪ್ಪಗೆ ಕಂಡರೆ ಕೆಂಪು ಕಾಣದ ಫಿಲ್ಮು. ಕೈಯಲ್ಲಿ ಬಣ್ಣ ತುಂಬಿದ ಚಿತ್ರಗಳ ಬಣ್ಣವನ್ನು ಸಾಕ್ಷ್ಯಕ್ಕೆ ತೆಗೆದುಕೊಳ್ಳಲೇಬಾರದು. ಸ್ಟುಡಿಯೋದ ಕಲಾವಿದರಿಗೆ ಸಮವಸ್ತ್ರದ ನಿಯಮಾವಳಿ ಯಾರೂ ಕೊಟ್ಟಿರಲಿಲ್ಲ, ಇದ್ದ ಹಸಿರು ಬಳಿದರು.

ಸಮವಸ್ತ್ರದಲ್ಲಿ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಭುಜ. 1950ರ ಜನವರಿ 26ರಂದು ಭಾರತೀಯ ಸೇನೆಯ ಭುಜದಿಂದ ಬ್ರಿಟಿಷ್ ಕಿರೀಟ ಇಳಿಯಿತು, ಅಶೋಕ ಸ್ತಂಭದ ಸಿಂಹ ಏರಿತು. ಅಧಿಕಾರಿಗಳ ನಕ್ಷತ್ರವೂ ಬದಲಾಯಿತು: ಮೊದಲಿದ್ದದ್ದು ನಡುವೆ ವೃತ್ತವಿರುವ, ಚೌಕಕ್ಕೆ ಹತ್ತಿರದ ಆಕಾರದ್ದು, ಆಮೇಲಿನದು ಐದು ಮೂಲೆಯದು. 1947ರ ಆಗಸ್ಟ್ 15ಕ್ಕೆ ಎಲ್ಲ ಬದಲಾಯಿತೆಂದು ಭಾವಿಸುವವರು ಹೆಚ್ಚು. ನಡುವಿನ ಎರಡೂವರೆ ವರ್ಷ ಸ್ವತಂತ್ರ ಭಾರತದ ಅಧಿಕಾರಿಗಳು ಕಿರೀಟ ಹೊತ್ತೇ ತಿರುಗಿದರು. ಚಿತ್ರ ಮಸುಕಾಗಿದ್ದರೆ ಆಕಾರ ನೋಡಿ. ಆ ಕಾಲದ ಕಿರೀಟದ ನೆತ್ತಿ ಗುಮ್ಮಟದಂತೆ ದುಂಡಗಿರುತ್ತದೆ, ಅಗಲ ಹೆಚ್ಚು. ಸಿಂಹದ್ದು ಎತ್ತರ ಹೆಚ್ಚು, ಕೆಳಗೆ ಚಪ್ಪಟೆ ಪೀಠ. ವಾಯುಸೇನೆಯವರ ವಿಷಯದಲ್ಲಿ ಇನ್ನೂ ಇಕ್ಕಟ್ಟಾದ ಒಂದು ಕಿಂಡಿ ಇದೆ. ಭಾರತೀಯ ವಾಯುಸೇನೆಗೆ "ರಾಯಲ್" ಬಿರುದು ಸಿಕ್ಕಿದ್ದು 1945ರ ಮಾರ್ಚ್‌ನಲ್ಲಿ, ಹೋದದ್ದು 1950ರ ಜನವರಿಯಲ್ಲಿ. ಆರ್‌ಐಎಎಫ್ ಎಂಬ ನಾಲ್ಕಕ್ಷರ ಚಿತ್ರವನ್ನು ಐದು ವರ್ಷದೊಳಗೆ ಕಟ್ಟಿಹಾಕುತ್ತದೆ.

ಎದೆಯ ರಿಬ್ಬನ್ನುಗಳು ಎಡದ ಅಂಕಣಕ್ಕೆ ಹೇಳಿ ಮಾಡಿಸಿದಂಥವು, ಏಕೆಂದರೆ ಪದಕ ಘೋಷಣೆಯಾಗುವ ಮೊದಲು ಅದನ್ನು ಯಾರೂ ಧರಿಸಲಾರರು. ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್ ಎಂದೊಡನೆ ಹೈಫಾ ನೆನಪಾಗುವ ನಮ್ಮೂರಲ್ಲಿ ಇದು ತುಂಬ ಉಪಯೋಗಕ್ಕೆ ಬರುತ್ತದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಕುದುರೆ ಪಡೆಯೊಂದಿಗೆ ಮೈಸೂರಿನವರು ಇಂದಿನ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ಗೆದ್ದರು. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ನಿಂತ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರನದು. ಹಾಗಾಗಿ ಕುದುರೆಯ ಮೇಲೆ ಈಟಿ ಹಿಡಿದ ಯಾವ ಚಿತ್ರ ಸಿಕ್ಕರೂ "ಹೈಫಾದಲ್ಲಿ ತೆಗೆದದ್ದು" ಎಂಬ ಮಾತು ಹುಟ್ಟಿಕೊಳ್ಳುತ್ತದೆ. ಎದೆ ನೋಡಿ. ಮೊದಲ ಮಹಾಯುದ್ಧದ ಮೂರು ಪದಕಗಳಲ್ಲಿ 1914–15ರ ಸ್ಟಾರ್ ಘೋಷಣೆಯಾದದ್ದು 1918ರ ಡಿಸೆಂಬರಿನಲ್ಲಿ, ಯುದ್ಧ ಪದಕ ಮತ್ತು ವಿಕ್ಟರಿ ಪದಕ 1919ರಲ್ಲಿ. ಮೂರೂ ಹೈಫಾ ಆದಮೇಲಿನವು. ಕಾಮನಬಿಲ್ಲಿನ ವಿಕ್ಟರಿ ರಿಬ್ಬನ್ನು ಚಿತ್ರದಲ್ಲಿ ನಡುವಿನಿಂದ ಎರಡೂ ಕಡೆಗೆ ಒಂದೇ ರೀತಿ ಬಣ್ಣ ಕರಗಿದಂತೆ ಕಾಣುತ್ತದೆ. ಯುದ್ಧ ಪದಕದ್ದು ಅಗಲ ಕಿತ್ತಳೆ ನಡುಭಾಗ, ಅಂಚಿಗೆ ಬಿಳಿ, ಕಪ್ಪು, ನೀಲಿ ಗೆರೆ. ಇವೆರಡೂ ಎದೆಯಲ್ಲಿದ್ದರೆ ಸವಾರ ಹೈಫಾದಲ್ಲಿ ಹೋರಾಡಿದ್ದು ನಿಜವಿರಬಹುದು, ಚಿತ್ರ ಮಾತ್ರ ಊರಿಗೆ ಮರಳಿದ ಮೇಲಿನದು.

ಇನ್ನೊಂದು ಗೊಂದಲ ದಸರೆಯದು. ಈಟಿ, ಪತಾಕೆ, ಸಾಲುಗಟ್ಟಿದ ಕುದುರೆ, ರುಮಾಲು, ಎಲ್ಲವೂ ಜಂಬೂಸವಾರಿಯಲ್ಲೂ ಇದ್ದವು. ಬಿಳಿ ಕೈಗವಸು, ಹೊಳಪು ಹಾಕಿದ ಸಜ್ಜು, ರಸ್ತೆಯ ಇಬ್ಬದಿ ಜನ, ಇವು ರಣರಂಗದಲ್ಲಿ ಇರುವುದಿಲ್ಲ. ರಣರಂಗದ ಕುದುರೆಯ ಮೇಲೆ ಸಾಮಾನು ಇರುತ್ತದೆ: ಮೇವಿನ ಬಲೆ, ಕಂಬಳಿ ಸುರುಳಿ, ನೀರಿನ ಚೀಲ, ಸವಾರನ ಎದೆಗೆ ಅಡ್ಡಲಾಗಿ ತೊಗಲಿನ ಗುಂಡಿನ ಪಟ್ಟಿ. ಕಾಲಿನ ಪಟ್ಟಿಯನ್ನೂ ಗಮನಿಸಿ. ಮಂಡಿಯವರೆಗೆ ಸುತ್ತಿದ್ದರೆ ಮೊದಲ ಯುದ್ಧದ ರೂಢಿ. ಪಾದದ ಗಂಟಿನ ಹತ್ತಿರ ಮಾತ್ರ ಗಿಡ್ಡಗೆ ಸುತ್ತಿದ್ದರೆ ಎರಡನೆಯದರ ಕಡೆಗೆ ವಾಲಿ. ಲ್ಯಾನ್ಸರ್ಸ್ ಪಡೆ ಕುದುರೆಯೊಂದಿಗೇ ಉಳಿದು 1953ರಲ್ಲಿ ಭಾರತೀಯ ಸೇನೆಯ ಕುದುರೆ ಪಡೆಯಾದ 61ನೇ ಕ್ಯಾವಲ್ರಿಯೊಳಗೆ ಸೇರಿಹೋಯಿತು, ಆದ್ದರಿಂದ ಕುದುರೆಯೊಂದನ್ನೇ ನೋಡಿ ಕಾಲ ಹೇಳುವುದು ಸಾಧ್ಯವೇ ಇಲ್ಲ.

ಗಂಡಭೇರುಂಡದ ಬಿಲ್ಲೆ ಕಂಡ ಕೂಡಲೇ ಸೈನಿಕ ಎನ್ನುವ ಅವಸರವೂ ಬೇಡ. ಸಂಸ್ಥಾನದ ಪಡೆಗಳ ಟೋಪಿಯಲ್ಲಿ ಅದಿತ್ತು, ನಿಜ. ಅರಮನೆಯ ಊಳಿಗದವರಿಂದ ಹಿಡಿದು ಪೊಲೀಸರವರೆಗೆ ಸಂಸ್ಥಾನದ ಬೇರೆ ನೌಕರರಲ್ಲೂ ಅದಿತ್ತು, ರಾಜ್ಯದ ಲಾಂಛನದಲ್ಲಿ ಇಂದಿಗೂ ಇದೆ. ಭುಜದ ಮೇಲಿನ ಲೋಹದ ಅಕ್ಷರಗಳನ್ನು ಓದದೆ ತೀರ್ಮಾನಕ್ಕೆ ಬರಬಾರದು. ಎನ್‌ಸಿಸಿ ಎಂದಿದ್ದರೆ 1948ರ ನಂತರದ ಕಾಲೇಜು ಹುಡುಗ. "ಯುದ್ಧಕ್ಕೆ ಹೋಗಿದ್ದ ದೊಡ್ಡಪ್ಪ" ಎಂದು ಪೂಜೆಗೊಳ್ಳುತ್ತಿರುವ ಎಷ್ಟೋ ಚಿತ್ರಗಳ ಒಳಗುಟ್ಟು ಇದು. ಮೈಸೂರು ಪದಾತಿದಳದ ಮೊದಲ ಬೆಟಾಲಿಯನ್ ಸಿಂಗಪುರದಲ್ಲಿತ್ತು, 1942ರ ಫೆಬ್ರವರಿ 15ರ ಶರಣಾಗತಿಯಲ್ಲಿ ಸೆರೆ ಸಿಕ್ಕಿತು. ಆ ಪಡೆಯವರು 1943ರಲ್ಲಿ ಬರ್ಮಾದ ಕಾಡಿನಲ್ಲಿ ಜೀಪಿಗೆ ಒರಗಿ ನಗುತ್ತಿರುವ ಚಿತ್ರ ಎಂದರೆ ಪಡೆಯ ಹೆಸರೋ ವರ್ಷವೋ ಒಂದು ತಪ್ಪಿರಲೇಬೇಕು.

ಬಟ್ಟೆಯ ಬಣ್ಣದಿಂದ ಸಿಗುವುದು ಅಷ್ಟಕ್ಕಷ್ಟೆ. ಬರ್ಮಾ ಗಡಿಯಲ್ಲಿ 1943ರಿಂದ ಖಾಕಿಯ ಜಾಗಕ್ಕೆ ಕಾಡು ಹಸಿರು ಬಂತು, ಚಿತ್ರದಲ್ಲಿ ಅದು ಗಾಢವಾಗಿ ಕಾಣುತ್ತದೆ. ಆದರೆ ಹೊಸ ಖಾಕಿಯೂ ಗಾಢವೇ, ಅಗಸನ ಕಲ್ಲಿಗೆ ಹತ್ತು ಸಲ ಹೋಗಿಬಂದ ಹಸಿರೂ ಬಿಳಿಚಿಕೊಳ್ಳುತ್ತದೆ. ರೈಫಲ್ ಕೂಡ ಹಾಗೆಯೇ: ಮೊಂಡು ಮೂತಿಯ .303 ಮೊದಲ ಮಹಾಯುದ್ಧದಿಂದ 1962ರ ಚೀನಾ ಯುದ್ಧದವರೆಗೂ ನಮ್ಮವರ ಕೈಯಲ್ಲಿತ್ತು. ಅದರ ಜಾಗದಲ್ಲಿ ಎಸ್‌ಎಲ್‌ಆರ್ (ತಾನೇ ಗುಂಡು ತುಂಬಿಕೊಳ್ಳುವ ರೈಫಲ್) ಕಂಡರೆ 1962 ಕಳೆಯಿತೆಂದು ಎಡಕ್ಕೆ ಬರೆದುಕೊಳ್ಳಿ.

ಈಗ ಚಿತ್ರದ ಬೆನ್ನು. ಸ್ಟುಡಿಯೋ ಮೊಹರಿನಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರ ಹಾಕಿದ ಪ್ರಿಂಟು. ಮಂಡ್ಯ ಜಿಲ್ಲೆ ಎಂದಿದ್ದರೆ 1939ರ ನಂತರ; ಅದಕ್ಕೆ ಮೊದಲು ಮಂಡ್ಯ ಮೈಸೂರು ಜಿಲ್ಲೆಯೊಳಗಿತ್ತು. ದರವನ್ನು ಆಣೆಯಲ್ಲಿ ಗೀಚಿದ್ದರೆ 1957ರ ಏಪ್ರಿಲ್ ಆಸುಪಾಸಿನವರೆಗೆ, ನಯಾ ಪೈಸೆ ಎಂದಿದ್ದರೆ ಅಲ್ಲಿಂದಾಚೆ. "ಇಂದು" ಎಂಬ ಹೆಸರು ಕಾಗದದ ಬೆನ್ನಲ್ಲಿ ಅಚ್ಚಾಗಿದ್ದರೆ ಅದು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾಗದ, ಉತ್ಪಾದನೆ ಶುರುವಾದದ್ದು 1967ರಲ್ಲಿ. ಪೋಸ್ಟ್‌ಕಾರ್ಡ್ ಬೆನ್ನಿನ ಪ್ರಿಂಟುಗಳಲ್ಲಿ ಅಂಚೆಚೀಟಿಯ ಚೌಕದ ಸುತ್ತ ಅಝೋ ಎಂಬ ಕೊಡಕ್ ಕಾಗದದ ಹೆಸರಿದ್ದರೆ ಮೂಲೆಗಳನ್ನು ನೋಡಿ: ನಾಲ್ಕೂ ತ್ರಿಕೋನ ಮೇಲ್ಮುಖವಾಗಿದ್ದರೆ ಸುಮಾರು 1918ರವರೆಗಿನದು, ಎರಡು ಮೇಲೆ ಎರಡು ಕೆಳಗೆ ಇದ್ದರೆ ಅದರ ನಂತರದ ದಶಕದ್ದು.

ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚು ಒಂದಿರಲಿ, 365 ನ್ಯಾನೋಮೀಟರಿನದಾದರೆ ಒಳ್ಳೆಯದು. ಕತ್ತಲೆ ಕೋಣೆಯಲ್ಲಿ ಪ್ರಿಂಟಿನ ಅಂಚಿಗೆ ಬಿಡಿ. ಹೊಸದಾಗಿ ಒಗೆದ ಬಿಳಿ ಪಂಚೆಯಂತೆ ನೀಲಿಬಿಳುಪಾಗಿ ಹೊಳೆದರೆ ಕಾಗದದಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇದೆ. ಫೋಟೋ ಕಾಗದದಲ್ಲಿ ಅದು ಬಳಕೆಗೆ ಬಂದದ್ದು 1950ರ ದಶಕದಿಂದೀಚೆ. ಮಂಕಾಗಿ ಉಳಿದರೆ ಹಳೆಯದಿರಬಹುದು, ಆ ರಾಸಾಯನಿಕ ಸೇರಿಸದ ಆಮೇಲಿನ ಕಾಗದವೂ ಇರಬಹುದು. ಒಂದು ಎಚ್ಚರ: ಹೊಳೆಯುವುದು ಪ್ರಿಂಟಿನ ವಯಸ್ಸು, ಚಿತ್ರದ್ದಲ್ಲ. ಹಳೆಯ ಚಿತ್ರವನ್ನು ಮದುವೆ, ತಿಥಿಗಳ ಹೊತ್ತಿಗೆ ಮತ್ತೆ ನಕಲು ತೆಗೆಸುವುದು ನಮ್ಮಲ್ಲಿ ಮಾಮೂಲು. ನಕಲಿನಲ್ಲಿ ಮೂಲ ಪ್ರಿಂಟಿನ ಮಡಿಕೆ, ಗೀರುಗಳು ಚಿತ್ರದೊಳಗೇ ಅಚ್ಚಾಗಿರುತ್ತವೆ. ಬೆರಳಾಡಿಸಿದರೆ ಮೇಲ್ಮೈ ನುಣ್ಣಗಿರುತ್ತದೆ.

ಇಷ್ಟನ್ನೂ ಒಂದು ಚಿತ್ರದ ಮೇಲೆ ಹಾಕಿ ನೋಡೋಣ. ಎಂಟೂವರೆ ಸೆಂಟಿಮೀಟರ್ ಅಗಲ, ಆರು ಎತ್ತರ, ಹಲ್ಲುಹಲ್ಲಿನ ಅಂಚಿನ ಪ್ರಿಂಟು ಎನ್ನಿ. ಮೂವರು ಜೀಪಿಗೆ ಒರಗಿದ್ದಾರೆ, ಹಿಂದೆ ಗುಡ್ಡ. ಬೆನ್ನಲ್ಲಿ ನೀಲಿ ಬಾಲ್‌ಪೆನ್ನಿನಲ್ಲಿ "ಬರ್ಮಾ 1944". ಬಾಲ್‌ಪೆನ್ನು ಮನೆಮನೆಗೆ ಬಂದದ್ದು ಯುದ್ಧವಾಗಿ ಎಷ್ಟೋ ವರ್ಷದ ಮೇಲೆ, ಆದ್ದರಿಂದ ಆ ಬರಹ ಮೊಮ್ಮಕ್ಕಳ ಕಾಲದ್ದು. ಸಾಕ್ಷಿಯಲ್ಲ, ಕೇಳಿದ ಮಾತು. ಜೀಪಿನ ಜಾಲರಿಯಲ್ಲಿ ಏಳು ಸೀಳು, ಬಾನೆಟ್ಟು ಎತ್ತರ: 1953ಕ್ಕಿಂತ ಮುಂಚೆ ಸಾಧ್ಯವಿಲ್ಲ. ಎಡಗಡೆಯವರ ಭುಜದಲ್ಲಿ ಐದು ಮೂಲೆಯ ನಕ್ಷತ್ರ, ಅದರ ಕೆಳಗೆ ಅಡ್ಡ ರಿಬ್ಬನ್ನು: ಜೂನಿಯರ್ ಕಮಿಷನ್ಡ್ ಅಧಿಕಾರಿ, 1950ರ ನಂತರ. ಸೀಟಿನ ಮೇಲೆ ಮೊಂಡು ಮೂತಿಯ .303: 1960ರ ದಶಕದ ಮಧ್ಯ ದಾಟಿರಲಿಕ್ಕಿಲ್ಲ, ಆದರೆ ಇದು ಬಲದ ಅಂಕಣ, ಒತ್ತಿ ಹೇಳುವಂತಿಲ್ಲ. ನಡುವೆ ನಿಂತವರ ಎದೆಯಲ್ಲಿ ಎರಡು ರಿಬ್ಬನ್ನು, ಮೊದಲನೆಯದು ಮೂರು ಸಮ ಪಟ್ಟಿ: ಗಾಢ, ಮಧ್ಯಮ, ತಿಳಿ. ಕಡುನೀಲಿ, ಕೆಂಪು, ತಿಳಿನೀಲಿಯ 1939–45 ಸ್ಟಾರ್ ಇರಬಹುದು.

ಹಾಗಾದರೆ ಮನೆಯವರ ಮಾತು ಪೂರ್ತಿ ಸುಳ್ಳಲ್ಲ. ನಡುವಿನವರು ಮಹಾಯುದ್ಧದಲ್ಲಿ ಇದ್ದವರೇ ಇರಬೇಕು, ಬರ್ಮಾ ಕತೆ ಅವರೇ ಹೇಳಿದ್ದಿರಬೇಕು. ಕತೆಗೆ ಚಿತ್ರ ಬೇಕಿತ್ತು, ಕೈಗೆ ಸಿಕ್ಕಿದ್ದು ಇದು. ಇದನ್ನು ಮನೆಯ ಹಿರಿಯರಿಗೆ ಹೇಳುವಾಗ "ಅಜ್ಜಿ, ಇದು ಬರ್ಮಾ ಅಲ್ಲ" ಎಂದು ಶುರುಮಾಡಿದರೆ ಟ್ರಂಕಿನ ಬೀಗ ಬಿತ್ತೆಂದೇ ತಿಳಿಯಿರಿ. "ತಾತ ಆಮೇಲೂ ಎಷ್ಟು ವರ್ಷ ಮಿಲಿಟರಿಯಲ್ಲಿದ್ರು ಅಜ್ಜಿ?" ಎಂದು ಕೇಳಿ. ಡಿಸ್ಚಾರ್ಜ್ ಪುಸ್ತಕ ಹೊರಗೆ ಬರುವ ಸಾಧ್ಯತೆ ಹೆಚ್ಚು, ಅದರಲ್ಲಿ ಸೇರಿದ ದಿನ, ಬಿಟ್ಟ ದಿನ, ಪಡೆ, ಪದಕಗಳ ಪಟ್ಟಿ ಎಲ್ಲ ಇರುತ್ತದೆ. ಬಲದ ಅಂಕಣವನ್ನು ಗಟ್ಟಿ ಮಾಡಬಲ್ಲದ್ದು ಅದೊಂದೇ.

ಕೊನೆಗೆ ಬರೆದಿಡುವುದು. ಪ್ರಿಂಟಿನ ಬೆನ್ನಿಗೆ ಪೆನ್ನು ತಾಗಿಸಬೇಡಿ, ಶಾಯಿ ಮುಂದಕ್ಕೆ ಇಳಿಯುತ್ತದೆ. ಹಳೆಯ ಬರಹವನ್ನು, ತಪ್ಪಿದ್ದರೂ, ಅಳಿಸಬೇಡಿ. ಚಿತ್ರವನ್ನು ಆಮ್ಲರಹಿತ ಕಾಗದದ ಲಕೋಟೆಯಲ್ಲಿಟ್ಟು, ಲಕೋಟೆಯ ಮೇಲೆ, ಚಿತ್ರ ಒಳಗೆ ಹಾಕುವ ಮುಂಚೆಯೇ, ಮೆತ್ತನೆ ಪೆನ್ಸಿಲಿನಲ್ಲಿ ಹೀಗೆ ಬರೆದರೆ ಸಾಕು: "1953ರಿಂದ 1965ರ ಆಸುಪಾಸು. ಆಧಾರ: ಎತ್ತರ ಬಾನೆಟ್ಟಿನ ಜೀಪು, ಐದು ಮೂಲೆಯ ನಕ್ಷತ್ರ, .303. ಬೆನ್ನ ಮೇಲೆ 'ಬರ್ಮಾ 1944' ಎಂದಿದೆ, ಆಮೇಲೆ ಬರೆದದ್ದು. ನಡುವಿನವರ ಎರಡನೇ ರಿಬ್ಬನ್ನು ಗುರುತು ಸಿಕ್ಕಿಲ್ಲ."